ರಾಶಿ ಮುಟ್ಟದ ಮಾತು

ಮಿಲ್ಲಿಗೆ ಹೊಸ ಮಷೀನು ತಂದಾಗ ಕೆಲಸದವರ ವಿರೋಧವನ್ನು ಹೇಗೆ ಮುರಿದಿರಿ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಕೇಳುವವರೆಲ್ಲ ಮಾಲೀಕರು. ಕೆಲಸದವರು ಯಾರೂ ಈವರೆಗೆ ಕೇಳಿಲ್ಲ. ವಿರೋಧವೇ ಇರಲಿಲ್ಲ, ಒಂದು ಪ್ರಶ್ನೆ ಇತ್ತು, ಅದರ ಬಾಯಿ ಮುಚ್ಚಿಸಿದವನು ನಾನು ಎಂದರೆ ಜಾಣ ಮಾತು ಎಂದುಕೊಂಡು ನಗುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ನಾನು ಮ್ಯಾನೇಜರ್ ಆಗಿ ಸೇರಿ ಆರು ತಿಂಗಳಾಗಿತ್ತು. ಮಿಲ್ಲಿನ ಮಾಲೀಕರನ್ನು ಪೇಟೆಯವರೆಲ್ಲ ಸಾವಕಾರರು ಎನ್ನುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗೆ ಅತಿಥಿಯಾಗಿ ಬಂದಿದ್ದ ಅವರು ನಾನು ಗೆದ್ದದ್ದನ್ನು ಕಂಡು, "ಈ ಕಡಿಂದ ಮಾತಾಡು ಅಂದ್ರ ಈ ಕಡಿಂದ, ಆ ಕಡಿಂದ ಅಂದ್ರ ಆ ಕಡಿಂದ. ಇಂಥಾವ ಒಬ್ಬ ಬೇಕು ನನಗ" ಎಂದು ಕರೆದುಕೊಂಡು ಬಂದಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ತೊಗರಿ ಬೇಳೆಯಾಗುವುದು ಸುಲಭದ ಕೆಲಸವಲ್ಲ. ಕಾಳಿನ ಮೈಮೇಲೆ ಮೊದಲು ರೋಲರಿನಲ್ಲಿ ಗೀರು ಹಾಕಬೇಕು. ಎಣ್ಣೆ ಸವರಿ ಒಂದು ರಾತ್ರಿ ಗುಡ್ಡೆ ಹಾಕಿಡಬೇಕು. ಆಮೇಲೆ ಎರಡು ಮೂರು ದಿನ ಬಿಸಿಲು, ನಡುವೆ ನೀರಿನ ಸಿಂಪಡಿಕೆ, ಮತ್ತೆ ಬಿಸಿಲು. ಅದಾದ ಮೇಲೆ ಒಡೆಯುವ ಕಲ್ಲು. ಒಣಗಿದ್ದು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಕಾಳು ಇಡಿಯಾಗಿಯೇ ಹೊರಗೆ ಬರುತ್ತದೆ. ಹೆಚ್ಚಾದರೆ ಬೇಳೆ ನುಚ್ಚಾಗುತ್ತದೆ. ಎರಡರ ನಡುವೆ ಇರುವ ಹದ ಒಂದು ತಾಸಿನದು, ಕೆಲವು ಸಲ ಅಷ್ಟೂ ಇಲ್ಲ.

ಆ ಹದ ಹಿಡಿಯುವವರು ಇಪ್ಪತ್ತೆರಡು ಜನ ಹೆಂಗಸರು. ಮಿಲ್ಲಿನ ಹಿಂದೆ ಫರಸಿ ಕಲ್ಲು ಹಾಸಿದ ದೊಡ್ಡ ಅಂಗಳ. ಬೆಳಗಾದರೆ ತೊಗರಿ ಹರವುವುದು, ಅದರೊಳಗೆ ಪಾದ ಎಳೆಯುತ್ತ ನಡೆದು ಸಾಲು ಬಿಡಿಸುವುದು, ಕೆಳಗಿನ ಕಾಳು ಮೇಲೆ ಬರುವಂತೆ ಮಾಡುವುದು, ಸಂಜೆ ಬಳಿದು ಗುಡ್ಡೆ ಹಾಕಿ ತಾಡಪಾಲು ಹೊದಿಸುವುದು. ಅವರೊಳಗೆ ಹಿರಿಯಳಾದವಳನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಖಜೂರಿ ಕಡೆಯವಳು. ಐವತ್ತೈದು ದಾಟಿರಬೇಕು. ಅವಳು ಹರವಿದ ತೊಗರಿಯಲ್ಲಿ ಮೂರು ಕಡೆಯಿಂದ ಮೂರು ಕಾಳು ಎತ್ತಿ ಒಂದೊಂದಾಗಿ ದವಡೆಗೆ ಹಾಕಿ ಕಡಿಯುತ್ತಿದ್ದಳು. ಕಡಿಯುವಾಗ ಕಣ್ಣು ಮುಚ್ಚುತ್ತಿದ್ದಳು. ಕಿವಿಯಲ್ಲಿ ಕೇಳುವುದಕ್ಕಿಂತ ಮೊದಲು ಸಪ್ಪಳ ದವಡೆಯ ಎಲುಬಿಗೆ ಕೇಳುತ್ತದಂತೆ. "ಬಳೀರಿ" ಎಂದರೆ ಬಳಿಯಬೇಕು. "ಇನ್ನ ಎರಡ ಸಾಲ ತಿರುವ್ರಿ" ಎಂದರೆ ತಿರುವಬೇಕು. ಸಾವಕಾರರೂ ಎದುರು ಮಾತಾಡುತ್ತಿರಲಿಲ್ಲ.

ಆ ವರ್ಷ ಹಂಗಾಮಿನ ನಡುವೆ ಮೋಡ ಕವಿದು ಹತ್ತು ದಿನ ಬಿಸಿಲೇ ಬೀಳಲಿಲ್ಲ. ಎಣ್ಣೆ ಸವರಿದ ತೊಗರಿ ಗುಡ್ಡೆಯಲ್ಲೇ ಬೂಸ್ಟು ಹಿಡಿಯಿತು. ಅದಾಗಿ ತಿಂಗಳೊಳಗೆ ಸಾವಕಾರರು ಒಣಗಿಸುವ ಮಷೀನು ತರಿಸಿದರು. ಆಳೆತ್ತರದ ತಗಡಿನ ಪೆಟ್ಟಿಗೆ, ತಳದಲ್ಲಿ ತೂತಿನ ತಗಡು, ಪಕ್ಕದಲ್ಲಿ ತೊಗರಿ ಹೊಟ್ಟನ್ನೇ ಉರಿಸುವ ಒಲೆ, ಬಿಸಿಗಾಳಿಯನ್ನು ಒಳಗೆ ನೂಕುವ ಫ್ಯಾನು. ಮೂರು ದಿನದ ಕೆಲಸ ಆರು ತಾಸಿನಲ್ಲಿ ಮುಗಿಯುತ್ತದೆ ಎಂದು ಜೊತೆಗೆ ಬಂದ ಪುಸ್ತಿಕೆ ಹೇಳುತ್ತಿತ್ತು.

ಕೆಲಸದವರನ್ನು ಒಪ್ಪಿಸುವ ಹೊಣೆ ನನ್ನದು. ಸಭೆ ಕರೆಯುವ ಮೊದಲು ಸಾವಕಾರರನ್ನು ಒಂದೇ ಒಂದು ಮಾತು ಕೇಳಿದೆ:

"ಇಪ್ಪತ್ತೆರಡೂ ಮಂದಿ ಕೆಲಸದಾಗ ಇರ್ತಾರಲ್ರಿ?"

"ಯಾರನ್ನರ ತೆಗೀತೇನಿ ಅಂತ ನಾ ಅಂದೇನೇನು?"

ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಎದುರಾಳಿ ಹೀಗೆ ಪ್ರಶ್ನೆಗೆ ಪ್ರಶ್ನೆ ಕೊಟ್ಟಿದ್ದರೆ ಅಲ್ಲಿಯೇ ಹಿಡಿದು ಕೆಡವುತ್ತಿದ್ದೆ. ಅಲ್ಲಿ ಬಿಡುತ್ತಿರಲಿಲ್ಲ, ಇಲ್ಲಿ ಬಿಟ್ಟೆ. ಸಂಬಳ ಕೊಡುವವನ ಬಾಯಲ್ಲಿ ತರ್ಕದ ದೋಷ ಕಾಣಿಸುವುದಿಲ್ಲ.

ಗೋದಾಮಿನಲ್ಲಿ ಚೀಲಗಳ ಮೇಲೆ ಹೆಂಗಸರು ಕುಳಿತರು. ನಾನು ನಿಂತು ಅರ್ಧ ತಾಸು ಮಾತಾಡಿದೆ. ಬಿಸಿಲಲ್ಲಿ ಸುಡುವ ಪಾದ, ಮೋಡದ ದಿನ ಹೋಗುವ ಕೂಲಿ, ಹಕ್ಕಿ ಇಲಿ ತಿನ್ನುವ ಪಾಲು, ಎಲ್ಲ ಹೇಳಿದೆ. ಕೊನೆಗೆ ಚಿಕ್ಕ ವಯಸ್ಸಿನ, ಬಾಯಿ ಜೋರಿನ ಒಬ್ಬಳು ಎದ್ದಳು.

"ಮೋಡ ಇದ್ರೂ ದಿನಾ ಕೂಲಿ ಸಿಗ್ತದ ಅಂದ್ರೆಲ್ರಿ, ಸಾಹೇಬ್ರ. ಯಾರಿಗ್ರಿ?"

"ಎಲ್ಲಾರಿಗೂ," ಎಂದೆ.

ಹೆಂಗಸರು ಚೀಲಗಳ ಮೇಲಿಂದ ಎದ್ದರು. ಸಭೆ ಮುಗಿಯಿತು. ಗೆದ್ದೆ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಮಷೀನು ಸುರುವಾಯಿತು. ಮೊದಲ ಖೇಪಿನಲ್ಲಿ, ಅಂದರೆ ಮೊದಲ ಸಲ ತುಂಬಿದ್ದರಲ್ಲಿ, ಅರ್ಧ ತೊಗರಿ ಒಡೆಯದೆ ಇಡಿ ಕಾಳಾಗಿಯೇ ಹೊರಗೆ ಬಂತು. ಎರಡನೆಯ ಖೇಪಿಗೆ ಉರಿ ಹೆಚ್ಚಿಸಿದೆವು, ನುಚ್ಚು ರಾಶಿ ಬಿತ್ತು. ಮೂರನೆಯದರಲ್ಲಿ ತಳದ ಕಾಳು ಸುಟ್ಟು ಮೇಲಿನದು ಹಸಿ. ಮಷೀನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಪುಸ್ತಿಕೆಯನ್ನು ತಿರುವಿ ತಿರುವಿ ಬೆವರಿದ. ಕರೆಂಟು ಹೋದಾಗ ಫ್ಯಾನು ನಿಂತು ಪೆಟ್ಟಿಗೆಯೊಳಗಿನ ತೊಗರಿ ಬೆಂದು ನಾರಿತು. ಹೆಂಗಸರು ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ಸಾವಕಾರರ ಅನುಮಾನ. ನಾನು ಎರಡು ದಿನ ಅಲ್ಲಿಯೇ ಕುಳಿತು ಕಾವಲು ಕಾದೆ. ಯಾರೂ ಏನೂ ಕೆಡಿಸುತ್ತಿರಲಿಲ್ಲ. ಇಷ್ಟು ತುಂಬಿರಿ ಎಂದರೆ ಅಷ್ಟೇ ತುಂಬುತ್ತಿದ್ದರು, ಆರು ತಾಸಿಗೆ ತೆಗೆಯಿರಿ ಎಂದರೆ ಗಡಿಯಾರ ನೋಡಿ ಆರು ತಾಸಿಗೇ ತೆಗೆಯುತ್ತಿದ್ದರು.

ಮೂರನೆಯ ದಿನ ಹಸಿ ತೊಗರಿ ಬುಟ್ಟಿಗೆ ಬಳಿಯುತ್ತಿದ್ದ ಆಯಿಯನ್ನು ಕೇಳಿದೆ.

"ಆಯಿ, ಇದು ಒಣಗಿಲ್ಲ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ. ಆರ ತಾಸಿಗಿ ತೆಗೀರಿ ಅಂದ್ರಿ, ತೆಗದೀವಿ."

ಬಾಯಿ ಜೋರಿನವಳು ಹಿಂದಿನಿಂದ ಅಂದಳು: "ಮಷೀನಿಗಿ ಹಲ್ಲಿಲ್ಲಲ್ರಿ ಸಾಹೇಬ್ರ. ನಾಳಿ ಕಲಬುರಗಿಗಿ ಹೋಗಿ ಕಟ್ಟಿಸ್ಕೊಂಡ ಬರ್ರಿ."

ಎಲ್ಲರೂ ನಕ್ಕರು. ನನಗೆ ಉಪಾಯ ಹೊಳೆದದ್ದು ಆ ನಗೆಯಲ್ಲಿ. ಬಿಸಿಲಿನ ಹದ ಬಲ್ಲವಳು ಬಿಸಿಗಾಳಿಯ ಹದವನ್ನೂ ಬಲ್ಲಳು. ಆಯಿ ಮಷೀನಿನ ಹತ್ತಿರ ನಿಂತು ತಾಸಿಗೊಮ್ಮೆ ಕಾಳು ಕಡಿದು ಹೇಳಬೇಕು, ಮಿಸ್ತ್ರಿ ಅದನ್ನು ಬರೆದುಕೊಳ್ಳಬೇಕು. ಸಾವಕಾರರು ಕೂಡಲೇ ಒಪ್ಪಿದರು. ಆಯಿ ಒಪ್ಪಲಿಲ್ಲ. ಎರಡು ದಿನ ಬಿಟ್ಟು, ಇಪ್ಪತ್ತೊಂದು ಜನರನ್ನೂ ಕೂಡಿಸಿಕೊಂಡು ನನ್ನ ಖೋಲಿಯ ಮುಂದೆ ಬಂದು ನಿಂತಳು.

"ಕಲಸ್ತೇನ್ರಿ. ಆದ್ರ ಕಲಿಸಿದ ಮ್ಯಾಲ ನಮ್ಮ ಕೆಲಸ ಏನಂತ ಗೊತ್ತಾಗಬೇಕಲ್ರಿ. ಸಾವಕಾರ್ರು ಬಂದು ರಾಶಿ ಮುಟ್ಟಿ ಹೇಳ್ಲಿ, ಇಪ್ಪತ್ತೆರಡು ಮಂದ್ಯಾಗ ಒಬ್ಬಾಕಿನ್ನೂ ತೆಗ್ಯಂಗಿಲ್ಲ ಅಂತ."

ಇದು ನಮ್ಮ ಕಡೆಯ ಪದ್ಧತಿ. ಚೀಲ ಕಾಣೆಯಾದರೆ, ತೂಕದಲ್ಲಿ ತಕರಾರು ಬಂದರೆ, ಮಾತಿಗೆ ಮಾತು ಬೆಳೆದರೆ, ಕಾಳಿನ ರಾಶಿಯ ಮೇಲೆ ಬಲಗೈ ಇಟ್ಟು ಹೇಳು ಎನ್ನುತ್ತಾರೆ. ಮಿಲ್ಲಿನಲ್ಲೂ ಅದೇ ನಡೆಯುತ್ತಿತ್ತು. ಮಿಸ್ತ್ರಿ ಮುಸಲ್ಮಾನ, ಅವನೂ ಮುಟ್ಟುತ್ತಿದ್ದ. ರಾಶಿ ಮುಟ್ಟಿ ಸುಳ್ಳು ಹೇಳಿದವನ ಮನೆಯಲ್ಲಿ ಕಾಳು ನಿಲ್ಲುವುದಿಲ್ಲ ಎಂದು ನಂಬಿಕೆ.

ನನ್ನ ಮೈಯೆಲ್ಲ ಚುರುಕಾಯಿತು. ಮೂಢನಂಬಿಕೆಯ ವಿರುದ್ಧ ಮಾತಾಡಿ ನಾನು ಎಷ್ಟೋ ಬಹುಮಾನ ಗೆದ್ದಿದ್ದೆ. ಸಾವಕಾರರಿಗೆ ಹೇಳಿ ಕಳುಹಿಸಿದ್ದರೆ ಆಗುತ್ತಿತ್ತು, ಅವರು ವ್ಯವಹಾರಕ್ಕೆ ಕೂಡುವ ಪೇಢಿ ಐವತ್ತು ಹೆಜ್ಜೆ ದೂರ. ಕಳುಹಿಸಲಿಲ್ಲ. ವಾದಕ್ಕೆ ನಿಂತೆ.

"ಆಯಿ, ನಾ ಒಂದು ಮಾತು ಕೇಳ್ತೇನಿ. ಸಾವಕಾರ್ರ ಮನಸಿನ್ಯಾಗ ಖರೆ ಇದ್ರ, ರಾಶಿ ಮುಟ್ಟಿದ್ರ ಅದು ಹೆಚ್ಚು ಖರೆ ಆಗ್ತದೇನು?"

"ಇಲ್ರಿ."

"ಸುಳ್ಳ ಇದ್ರ, ಮುಟ್ಟಿದ ಕೂಡ್ಲೆ ಕೈ ಸುಡ್ತದೇನು?"

"ಸುಡಂಗಿಲ್ರಿ."

"ಅಂದ್ರ ಮುಟ್ಟೋದ್ರಿಂದ ಏನೂ ಹೆಚ್ಚಾಗಂಗಿಲ್ಲ, ಏನೂ ಕಡಿಮ್ಯಾಗಂಗಿಲ್ಲ. ಹೌದಿಲ್ಲೋ?"

 ನಾನು ಬಿಡಲಿಲ್ಲ. ನಾವೆಲ್ಲ ಶರಣರ ದಾರಿಯವರು, ಆಡಿದ ಮಾತೇ ನಮಗೆ ಪ್ರಮಾಣ, ಮಾತಿಗಿಂತ ಕಾಳು ದೊಡ್ಡದಾಯಿತೇ ಎಂದೆ. ಮೂವತ್ತು ವರ್ಷ ಕೂಲಿ ಕೊಟ್ಟ ಮನುಷ್ಯನಿಂದ ಆಣೆ ಕೇಳುವುದು ಅವನನ್ನು ಕಳ್ಳ ಎಂದ ಹಾಗಲ್ಲವೇ ಎಂದೆ. ಇದು ಮೂರನೆಯ ವಾದ, ಎಲ್ಲಕ್ಕಿಂತ ಹರಿತವಾದದ್ದು. ಆಯಿ ತಲೆ ತಗ್ಗಿಸಿದಳು.

"ಕಳ್ಳ ಅಂತ ನಾವೆಲ್ಲಿ ಅಂದೀವ್ರಿ."

"ಅನ್ಲಿಲ್ಲ. ಆದ್ರ ಅರ್ಥ ಅದೇ ಆಗ್ತದ."

ತಲೆಯೆತ್ತಿ ಅವಳು ಮತ್ತೊಂದು ಮಾತು ಕೇಳಿದಳು. ಇಡೀ ವಾದದಲ್ಲಿ ಉತ್ತರವಿಲ್ಲದ ಮಾತು ಅದೊಂದೇ.

"ಮುಟ್ಟಾಕೇನು ತೊಂದ್ರಿ ಅದರಿ, ಸಾಹೇಬ್ರ?"

"ತೊಂದ್ರಿ ಇಲ್ಲ ಆಯಿ. ಅದಕ್ಕೇ ಬೇಕಾಗಿಲ್ಲ."

ಬಾಯಿ ಜೋರಿನವಳು ನಕ್ಕುಬಿಟ್ಟಳು. "ಬಿಡ ಆಯಿ. ಇವರ ಕೂಡ ಮಾತಿಗಿ ನಿಂತ್ರ ನಿನ್ನ ಹಸರ ಸೀರಿ ಕೆಂಪಂತ ಹೇಳ್ತಾರ. ನೀನೂ ಹೌದ್ರಿ ಅಂತಿ."

ಆಯಿಯೂ ನಕ್ಕಳು. "ಆತ್ರಿ. ನಿಮ್ಮ ಮಾತಿನ ಮ್ಯಾಲ ಕಲಸ್ತೇನಿ," ಎಂದಳು. ಸಾವಕಾರರ ಮಾತಿನ ಮೇಲೆ ಎನ್ನಲಿಲ್ಲ. ಆ ಹೊತ್ತಿಗೆ ನನಗೆ ಇದು ಕೂಡ ಗೆಲುವಿನ ಹಾಗೇ ಕೇಳಿಸಿತು.

ಎರಡು ವಾರ ಆಯಿ ಮಷೀನಿನ ಹತ್ತಿರ ನಿಂತಳು. ಮೊದಲ ದಿನವೇ ಹೇಳಿದಳು: ಒಂದೇ ಸಮ ಕಾಸಿದರೆ ಕಾಳಿನ ಹೊರಗಷ್ಟೇ ಒಣಗುತ್ತದೆ, ಒಳಗಿನ ಪಸೆ ಹೊರಗೆ ಬರಲು ಬಿಡಬೇಕು. ಮೂರು ತಾಸು ಗಾಳಿ, ಆಮೇಲೆ ಬಿಚ್ಚಿ ಗುಡ್ಡೆ ಹಾಕಿ ತಾಡಪಾಲು ಹೊದಿಸಿ ಒಂದು ರಾತ್ರಿ, ಮರುದಿನ ಸಣ್ಣ ಉರಿಯಲ್ಲಿ ಮತ್ತೆರಡು ತಾಸು. ನಡುವೆ ಎರಡು ಸಲ ಮೇಲಿನದು ಕೆಳಗೆ. ಪುಸ್ತಿಕೆಯಲ್ಲಿ ಇದಾವುದೂ ಇರಲಿಲ್ಲ. ಜೇವರ್ಗಿಯ ಎರೆಮಣ್ಣಿನ ತೊಗರಿಗೆ ಉರಿ ಹೆಚ್ಚು ಬೇಕು, ಖಜೂರಿ ಕಡೆಯ ಕಲ್ಲುನೆಲದ ಮರಡಿ ಹೊಲದ ತೊಗರಿಗೆ ಕಡಿಮೆ ಸಾಕು ಎಂದಳು. ಮಿಸ್ತ್ರಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಎಲ್ಲಿಯ ತೊಗರಿ, ಎಷ್ಟು ತಾಸು, ಎಷ್ಟು ಉರಿ, ಕಡಿದಾಗ ಎಂಥ ಸಪ್ಪಳ.

"ಕಣ್ಣ ಮುಚ್ಚಿ ಕಡಿಯೋ," ಎಂದು ಆಯಿ ಅವನಿಗೆ ಹೇಳುತ್ತಿದ್ದಳು. "ಕಣ್ಣ ತೆರದ್ರ ಕಿವಿ ಕೇಳಂಗಿಲ್ಲ."

"ಅರೆ ಆಯಿ, ನನ್ನ ಎರಡ ದವಡಿ ಹಲ್ಲ ಹೋಗ್ಯಾವ."

"ಮುಂದಿನ ಹಲ್ಲಿಲೆ ಕಡಿ. ಇಲಿ ಹ್ಯಾಂಗ ಕಡೀತದ?"

ಹತ್ತನೆಯ ದಿನ ಮಿಸ್ತ್ರಿ ತಾನೇ ಕಡಿದು "ಬರೋಬರಿ ಆತು" ಎಂದ. ಆಯಿ ಇನ್ನೊಂದು ಕಾಳು ಕಡಿದು ತಲೆಯಾಡಿಸಿದಳು. ಆ ಖೇಪಿನ ಬೇಳೆ ಅಗಲ ಅಗಲವಾಗಿ, ಅಂಚು ಮುರಿಯದೆ, ಹಳದಿ ಹೊಳಪಿನಲ್ಲಿ ಬಿತ್ತು. ಹೆಂಗಸರು ಬಂದು ಕೈಯಾಡಿಸಿ ನೋಡಿದರು. ಅವರಿಗೆ ಸಂತೋಷವೇ ಆಗಿತ್ತು. ತಮ್ಮದೇ ಕೆಲಸ ಚೆನ್ನಾಗಿ ಬಂದದ್ದನ್ನು ಕಂಡವರ ಸಂತೋಷ. ಬದಲಾವಣೆಗೆ ಅಂಜುವ ಜನ ಎಂದು ಇವರನ್ನು ಕರೆಯುವವರು ಅಂದು ಅಲ್ಲಿಗೆ ಬಂದು ಆ ಮುಖಗಳನ್ನು ನೋಡಬೇಕಾಗಿತ್ತು.

ನಾಲ್ಕನೆಯ ವಾರ ಸಾವಕಾರರು ಪೇಢಿಗೆ ಕರೆಸಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಹದಿನಾರು ಹೆಸರು.

"ತುಂಬಾಕ, ತಗ್ಯಾಕ ಆರ ಮಂದಿ ಸಾಕು. ಫರಸಿ ಅಂಗಳದಾಗ ಇನ್ನೊಂದು ಗೋದಾಮು ಕಟ್ಟಸ್ತೇನಿ. ಐತವಾರ ಸಂಜೀಗಿ ಹೇಳಿಬಿಡ್ರಿ."

"ಸಾವಕಾರ್ರ, ಒಬ್ಬರನ್ನೂ ತೆಗ್ಯಂಗಿಲ್ಲ ಅಂದಿದ್ದಿವಿ."

"ನೀವು ಅಂದೀರಿ. ನಾ ಏನಂದಿದ್ದೆ, ನೆನಪ ಮಾಡ್ಕೋರಿ."

ನೆನಪಿತ್ತು. ಅಕ್ಷರ ಅಕ್ಷರವಾಗಿ ನೆನಪಿತ್ತು. ಆದರೂ ವಾದಿಸಿದೆ. ಆ ಮಷೀನು ನಡೆಯುತ್ತಿರುವುದು ಇವರ ಅರಿವಿನಿಂದ ಎಂದೆ. ಅದಕ್ಕೇ ಆಯಿಯ ಹೆಸರು ಚೀಟಿಯಲ್ಲಿಲ್ಲ ಎಂದರು. ಇವತ್ತು ಹೀಗೆ ಮಾಡಿದರೆ ನಾಳೆ ಯಾರೂ ನಂಬುವುದಿಲ್ಲ ಎಂದೆ. ಜೇವರ್ಗಿಯಲ್ಲಿ ತಮ್ಮ ಅಳಿಯನ ಮಿಲ್ಲಿಗೂ ಇಂಥದೇ ಮಷೀನು ಬರುತ್ತದೆ, ಅಲ್ಲಿಯ ಜನಕ್ಕೆ ಇಲ್ಲಿಯದು ಗೊತ್ತಿಲ್ಲ, ಅಲ್ಲಿಗೆ ನೀವೇ ಹೋಗಬೇಕು ಎಂದರು. ನಂತರ ಚಹಾ ತರಿಸಿ, ಬಹಳ ಆತ್ಮೀಯವಾಗಿ ಹೇಳಿದರು:

"ಹೆಣ್ಣಮಕ್ಕಳು ನನಗ ರಾಶಿ ಮುಟ್ಟಂತ ಅಂದಿದ್ರಂತಲ್ಲ? ಮಿಸ್ತ್ರಿ ಹೇಳ್ದ. ನೀವು ಮಾತಿನ್ಯಾಗ ಅದನ್ನ ತಪ್ಪಿಸಿದ್ರಿ. ಭಾಳ ಛಲೋ ಮಾಡಿದ್ರಿ."

"ಯಾಕ್ರಿ? ಕರದಿದ್ರ ಮುಟ್ಟತಿದ್ರಿ. ಅದೊಂದು ಮಾತು ಅಷ್ಟೇ ಅಲ್ರಿ?"

ಸಾವಕಾರರು ಚಹಾದ ಬಸಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮುಖದಲ್ಲಿ ನಿಜವಾದ ಗಾಬರಿ ಇತ್ತು.

"ಏ, ಹಂಗ್ಹ್ಯಾಂಗ ಮುಟ್ಟಾಕ ಬರ್ತದ್ರಿ? ಮನ್ಯಾಗ ಮಕ್ಕಳು ಮೊಮ್ಮಕ್ಕಳು ಅದಾವ."

ಚಹಾ ಹಾಗೇ ಬಿಟ್ಟು ಎದ್ದೆ. ಪೇಢಿಯಿಂದ ಮಿಲ್ಲಿಗೆ ಐವತ್ತು ಹೆಜ್ಜೆ. ಅಷ್ಟರಲ್ಲಿ ನನ್ನ ವಾದ ಎಲ್ಲಿ ಮುರಿದಿದೆ ಎಂದು ಸ್ಪಷ್ಟವಾಗಿ ಕಂಡಿತು. ರಾಶಿ ಮುಟ್ಟಿಸುವುದು ಸುಳ್ಳನ್ನು ತಡೆಯುವುದಿಲ್ಲ ಎಂದು ವಾದಿಸಿದ್ದೆ. ತಡೆಯುತ್ತಿತ್ತು. ಅವತ್ತು ಕರೆಸಿದ್ದರೆ ಈ ಮನುಷ್ಯ ಕೈ ಹಿಂದೆಗೆಯುತ್ತಿದ್ದ, ಇಪ್ಪತ್ತೆರಡು ಜನ ಅದನ್ನು ಕಣ್ಣಾರೆ ನೋಡುತ್ತಿದ್ದರು, ಆಯಿ ತನ್ನ ವಿದ್ಯೆಯನ್ನು ತನ್ನ ಬಾಯಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದಳು. ಕೇಳಿದವರಿಗೂ ಆ ರಾಶಿಯ ಮೇಲೆ ನಂಬಿಕೆಯಿತ್ತು, ಕೊಡಬೇಕಾದವನಿಗೂ ಇತ್ತು. ಇಡೀ ಮಿಲ್ಲಿನಲ್ಲಿ ನಂಬಿಕೆಯಿಲ್ಲದವನು ನಾನೊಬ್ಬ. ತೀರ್ಪು ಕೊಟ್ಟವನೂ ನಾನೇ. ರಾಶಿಯಲ್ಲಿ ದೇವರಿದ್ದಾನೆ ಎಂದು ನಾನು ಈಗಲೂ ನಂಬುವುದಿಲ್ಲ. ಅದು ಬೇರೆ ಪ್ರಶ್ನೆ, ಅವತ್ತು ಅದನ್ನು ಯಾರೂ ಕೇಳಿರಲಿಲ್ಲ.

ಚೀಟಿ ಓದಲು ಒಲ್ಲೆ ಎನ್ನಬಹುದಿತ್ತು. ನಾನು ಓದದಿದ್ದರೆ ಇನ್ನೊಬ್ಬ ಓದುತ್ತಾನೆ, ಅವನಾದರೆ ಒರಟಾಗಿ ಓದುತ್ತಾನೆ ಎಂದು ನನಗೆ ನಾನೇ ವಾದಿಸಿದೆ. ಆ ವಾದವನ್ನೂ ಗೆದ್ದೆ. ಭಾನುವಾರ ಸಂಜೆ ಅಂಗಳದಲ್ಲಿ ನಿಂತು ಓದಿದೆ. ಐದು ಹೆಸರಾದ ಮೇಲೆ ನಿಲ್ಲಿಸಿದೆ.

"ಓದ್ರಿ," ಎಂದಳು ಬಾಯಿ ಜೋರಿನವಳು. ಅವಳದೇ ಐದನೆಯ ಹೆಸರು. "ಪೂರಾ ಓದ್ರಿ. ನಿಮ್ಮ ಮಾತು ಕೇಳಾಕ ಛಲೋ ಇರ್ತಾವ."

ಓದಿ ಮುಗಿಸಿದೆ. ಬೈಯುತ್ತಾರೆ, ಕೂಗಾಡುತ್ತಾರೆ ಎಂದುಕೊಂಡು ಅದಕ್ಕೆಲ್ಲ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. ಹದಿನಾರು ಜನರಲ್ಲಿ ಒಬ್ಬಳೂ ನನ್ನನ್ನು ನೋಡಲಿಲ್ಲ. ಎಲ್ಲರೂ ಆಯಿಯ ಕಡೆ ತಿರುಗಿದ್ದರು. ಓದದೆ ಉಳಿದ ಹೆಸರುಗಳಲ್ಲಿ ಅವಳದು ಇತ್ತಲ್ಲ.

"ಹಲ್ಲಿಗಿ ಕೂಲಿ ಸಿಕ್ಕತಲ್ಲ ಆಯಿ," ಎಂದಳು ಅದೇ ಹೆಂಗಸು. ಈ ಸಲ ಯಾರೂ ನಗಲಿಲ್ಲ. ಒಬ್ಬೊಬ್ಬರೇ ಬುಟ್ಟಿ, ಚಪ್ಪಲಿ ತೆಗೆದುಕೊಂಡು ಹೊರಟರು. ಅವರಲ್ಲಿ ಕೆಲವರು ಮುಂದೆ ಅಫಜಲಪುರದ ಕಡೆ ಕಬ್ಬು ಕಡಿಯುವ ಟೋಳಿ ಸೇರಿದರೆಂದು ಕೇಳಿದೆ.

ಮರುದಿನ ರಾಜೀನಾಮೆ ಬರೆದು ಕೊಟ್ಟೆ. ಜೇವರ್ಗಿಗೆ ಹೋಗಲಿಲ್ಲ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ನನ್ನ ಬದಲು ಮಿಸ್ತ್ರಿ ಹೋದ, ಅವನ ನೋಟ್‌ಬುಕ್ಕೂ ಹೋಯಿತು, ಅಲ್ಲಿ ಮೊದಲ ಖೇಪಿನಿಂದಲೇ ಬೇಳೆ ಚೆನ್ನಾಗಿ ಬಂತಂತೆ. ಅಲ್ಲಿಯ ಹೆಂಗಸರನ್ನು ಏನೂ ಕೇಳಬೇಕಾಗಲೇ ಇಲ್ಲ.

ಹೊರಡುವ ದಿನ ಮಿಲ್ಲಿಗೆ ಹೋದೆ. ಆಯಿ ಮಷೀನಿನ ಬಾಯಿಯ ಹತ್ತಿರ ಒಬ್ಬಳೇ ಇದ್ದಳು. ಉಳಿದ ಐವರು ಅತ್ತ ಗೋಡೆಯ ಕಡೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಓಣಿಯಲ್ಲಿ ಅವಳೊಂದಿಗೆ ಯಾರೂ ಮಾತಾಡುವುದಿಲ್ಲ, ನೀರಿಗೆ ಹೋದರೆ ಎದ್ದು ಹೋಗುತ್ತಾರೆ ಎಂದು ಮಿಸ್ತ್ರಿ ಹೇಳಿದ್ದ.

"ಆಯಿ," ಎಂದೆ, "ನಾ ಇವತ್ತ ಓಣಿಗಿ ಬರ್ತೇನಿ. ಆಣಿ ಬ್ಯಾಡ ಅಂದಾವ ನಾನು, ನಿನ್ನ ಒಪ್ಪಿಸಿದಾವ ನಾನು, ನಿಂದೇನೂ ತಪ್ಪಿಲ್ಲ ಅಂತ ಎಲ್ಲಾರ ಮುಂದ ಹೇಳ್ತೇನಿ. ಅವರಿಗಿ ತಿಳಿಯೂಹಂಗ ಹೇಳ್ತೇನಿ."

ಅವಳು ಬುಟ್ಟಿಯಲ್ಲಿದ್ದ ತೊಗರಿಯಲ್ಲಿ ಕೈಯಾಡಿಸಿದಳು.

"ಬ್ಯಾಡ್ರಿ ಸಾಹೇಬ್ರ," ಎಂದಳು. ಸಿಟ್ಟಿರಲಿಲ್ಲ. "ನೀವು ಹೇಳಿದ್ರ ಮಂದಿ ಒಪ್ಪತಾರ. ನಾನೂ ಹಂಗ ಒಪ್ಪಿದ್ದೆಲ್ರಿ."

ಒಂದು ಕಾಳು ಆರಿಸಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ಅವಳು ಕಡಿಯುವ ತನಕ ಮಾತಾಡಬಾರದೆಂದು ಗೊತ್ತಿತ್ತು. ನಿಂತೆ. ಅವಳು ಕಣ್ಣು ತೆರೆಯಲಿಲ್ಲ. ನಾನು ಹೋಗಲಿ ಎಂದು ಕಾಯುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.